ಎ ಪಾಳಿಯ ಓದುಗನ ಅಭಿಪ್ರಾಯ

ಮನೋಹರನಿಗೆ ಹೆದರಿಕೆ ಹೊಸದಲ್ಲ. ತಂದೆ ಲಾಲಪ್ಪ ತೀರಿಕೊಂಡ ಮೇಲೆ ಜೇವರ್ಗಿ ಕಡೆಯ ಹಳ್ಳಿಯಲ್ಲಿ ಅಜ್ಜಿಯ ಹತ್ತಿರ ಕನ್ನಡ ನಾಲ್ಕನೆಯ ತರಗತಿ ಮುಗಿಸಿದ ಅವನು ಪುಣೆಗೆ ಬಂದ. ತಾಯಿ ಸಕ್ಕುಬಾಯಿ ಅಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದಳು. ಅಲ್ಲಿ ಅವನು ಕಲಿತ ಮೊದಲ ಪಾಠವೇ ಸುಮ್ಮನಿರುವುದು. ಕೊಂಢವಾದಲ್ಲಿ ಏಳುತ್ತಿದ್ದ ಕಟ್ಟಡಗಳ ಕೆಳಮಾಳಿಗೆಯಲ್ಲೇ ಅವರ ವಾಸ. ಬಿಲ್ಡರನ ಜೀಪು ಬಂದರೆ ಮಕ್ಕಳು ಕಾಣಬಾರದು, ಕೆಮ್ಮಬಾರದು. ಸಕ್ಕುಬಾಯಿ ಮಗನನ್ನು ಸಿಮೆಂಟಿನ ಖಾಲಿ ಚೀಲಗಳ ಹಿಂದೆ ಕೂರಿಸಿ, "ಉಸಿರ ಬಿಟ್ರ ಹೊರಗ ಹಾಕ್ತಾರ ನೋಡು" ಅನ್ನುತ್ತಿದ್ದಳು. ಜೀಪು ಹೋದ ಮೇಲೂ ಅವನು ಎಷ್ಟೋ ಹೊತ್ತು ಹಾಗೇ ಕೂತಿರುತ್ತಿದ್ದ.

ಹಾಗೆ ಕೂತ ಹುಡುಗ ಮರಾಠಿ ಶಾಲೆ ಮುಗಿಸಿದ, ಐಟಿಐ ಮಾಡಿದ, ನಿಗಡಿಯ ಸಣ್ಣ ವರ್ಕ್‌ಶಾಪುಗಳಲ್ಲಿ ಹತ್ತು ವರ್ಷ ದುಡಿದ. ಈಗ ಮೂವತ್ತಮೂರು ವಯಸ್ಸು. ಮೂರು ವರ್ಷದಿಂದ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ಇನ್‌ಸ್ಪೆಕ್ಟರ್. ಹೆಸರು ದೊಡ್ಡದು, ಕೆಲಸ ಇಷ್ಟೇ. ಬೈಕುಗಳ ಬ್ರೇಕಿನೊಳಗೆ ಕೂರುವ ಒಂದು ಅಲ್ಯೂಮಿನಿಯಂ ಭಾಗ ಅಲ್ಲಿ ತಯಾರಾಗುತ್ತದೆ. ಅದರ ನಡುವೆ ಒಂದು ದುಂಡು ತೂತು. ಆ ತೂತಿನ ಅಗಲ 20.00 ಮಿಲಿಮೀಟರಿಗಿಂತ ಕಡಿಮೆ ಇರಬಾರದು, 20.03 ದಾಟಬಾರದು. ದಾಟಿದರೆ ಬ್ರೇಕಿನ ಎಣ್ಣೆ ದಿನಕ್ಕಿಷ್ಟು ಜಿನುಗಿ, ಒಂದು ದಿನ ಹಿಡಿಕೆ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಗಂಟೆಗೆ ಐದು ತುಂಡು ಎತ್ತಿಕೊಂಡು ಗೇಜಿನಲ್ಲಿ ಅಳೆದು, ಹಾಳೆಯಲ್ಲಿ ಅಂಕಿ ತುಂಬುವುದು ಮನೋಹರನ ಕೆಲಸ.

ಈ ತಿಂಗಳ ಕೊನೆಗೆ ನಾಲ್ವರನ್ನು ಕಾಯಂ ಮಾಡುತ್ತಾರೆ ಎಂಬ ಸುದ್ದಿ ಇತ್ತು. ಪಟ್ಟಿಯಲ್ಲಿ ಅವನ ಹೆಸರೂ ಇತ್ತು. ಸಕ್ಕುಬಾಯಿ ಇನ್ನೂ ಕೊಂಢವಾದಲ್ಲೇ ಬುಟ್ಟಿ ಹೊರುತ್ತಿದ್ದಳು. ಎರಡೂ ಮೊಣಕಾಲು ಬಾತು ಕುಂಬಳಕಾಯಿಯ ಹಾಗಾಗಿದ್ದವು. ಎಷ್ಟು ಕರೆದರೂ, "ನಿಂದು ಕಾಯಂ ಆದ ದಿನಾ ಬುಟ್ಟಿ ಕೆಳಗಿಟ್ಟು ಬರ್ತೀನಿ, ಅಲ್ಲೀತನಕ ನಿನ್ನ ಮ್ಯಾಲ ಭಾರ ಹಾಕಂಗಿಲ್ಲ" ಎಂದು ಹಟ ಹಿಡಿದಿದ್ದಳು. ಮನೋಹರ ದಿನ ಎಣಿಸುತ್ತಿದ್ದ.

ಓದುವ ಚಟ ಅವನಿಗೆ ನಿಗಡಿಯಲ್ಲಿದ್ದಾಗ ಹತ್ತಿದ್ದು. ಬಸ್‌ಸ್ಟಾಪಿನಲ್ಲಿ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದ ಅವನನ್ನು ಮಹದೇವಪ್ಪ ಎಂಬ ಹಿರಿಯರು ತಡೆದು ಮಾತಾಡಿಸಿದ್ದರು. ಮೈಸೂರು ಕಡೆಯ ನಿವೃತ್ತ ಮೇಷ್ಟ್ರು ಅವರು. ಐಟಿಯಲ್ಲಿದ್ದ ಮಗ, ಸೊಸೆಯ ಜೊತೆ ಇದ್ದರು. ಆ ಫ್ಲಾಟಿನಲ್ಲಿ ತಿಂಗಳ ಎರಡನೆಯ ಭಾನುವಾರ ಹತ್ತು ಹನ್ನೆರಡು ಜನ ಸೇರಿ ಒಂದು ಕನ್ನಡ ಪುಸ್ತಕದ ಬಗ್ಗೆ ಮಾತಾಡುತ್ತಿದ್ದರು. ಮನೋಹರ ರಾಂಜಣಗಾಂವಕ್ಕೆ ಮನೆ ಬದಲಿಸಿದ ಮೇಲೂ ಮೂರು ಬಸ್ಸು ಹತ್ತಿ ಇಳಿದು ಅಲ್ಲಿಗೆ ಹೋಗುವುದನ್ನು ಬಿಟ್ಟಿರಲಿಲ್ಲ.

ಅಲ್ಲಿ ಮೇಷ್ಟ್ರದೊಂದು ಪದ್ಧತಿ. ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯವನ್ನು ಒಂದು ಹಾಳೆಯಲ್ಲಿ ಬರೆದು ತರಬೇಕು. ಹೆಸರು ಹಾಕುವಂತಿಲ್ಲ. ಎಲ್ಲ ಹಾಳೆಗಳನ್ನೂ ಮಡಚಿ ಒಂದು ಸ್ಟೀಲ್ ಡಬ್ಬಿಗೆ ಹಾಕುವುದು, ಒಬ್ಬರು ಒಂದೊಂದನ್ನೇ ಎತ್ತಿ ಗಟ್ಟಿಯಾಗಿ ಓದುವುದು. "ದೊಡ್ಡೋರು ಚಿಕ್ಕೋರು ಅಂತ ಇಲ್ದೇ ಮಾತು ಹೊರಗೆ ಬರ್ಲಿ ಅಂತ ಹೀಗೆ" ಎನ್ನುತ್ತಿದ್ದರು. "ಇನ್ನೊಂದು, ಇಲ್ಲಿ ಓದಿದ್ದು ಈ ಬಾಗಿಲು ದಾಟಕೂಡದು." ಮನೋಹರನಿಗೆ ಈ ಪದ್ಧತಿ ತುಂಬ ಹಿಡಿಸಿತ್ತು. ಬಾಯಿಬಿಟ್ಟು ಹೇಳಲಾರದ್ದನ್ನು ಅವನು ಹಾಳೆಯಲ್ಲಿ ಧೈರ್ಯವಾಗಿ ಬರೆಯುತ್ತಿದ್ದ.

ಈ ತಿಂಗಳ ಪುಸ್ತಕ ಹುಲಿಗೆಪ್ಪ ಎಂಬುವವರ ಆತ್ಮಕಥೆ, 'ನನ್ನ ಹಿಂದೆ ಬಂದವರು'. ಕಾಲೇಜಿನ ಕೆಲಸ ಬಿಟ್ಟು, ಕೂದಲು ಬೆಳೆಸಿ, ಗಾಂಜಾ ಸೇದುವ ಸಾಧುಗಳ ಜೊತೆ ಊರೂರು ಅಲೆದು, ತಾನೇ ಒಂದು ಪತ್ರಿಕೆ ಅಚ್ಚುಹಾಕಿ ಹಂಚಿದ ಮನುಷ್ಯ. ಜಗತ್ತನ್ನು ಯಾರೋ ಮರೆಯಲ್ಲಿ ಕೂತು ನಡೆಸುತ್ತಿದ್ದಾರೆ ಎಂದು ನಂಬಿ, ಆ ಸಂಚನ್ನು ಹನ್ನೊಂದು ವರ್ಷ ಹುಡುಕಿದ್ದನಂತೆ. ಕೊಡೆ ಹಿಡಿದ ಒಬ್ಬ ಮನುಷ್ಯ ಎಲ್ಲ ಊರುಗಳಲ್ಲೂ ತನ್ನ ಹಿಂದೆಯೇ ಇದ್ದ ಎಂದು ಬರೆದಿದ್ದ. ಕೊನೆಗೆ ಅವನನ್ನು ಹಿಡಿದು ಕೇಳಿದರೆ, "ನೀವು ನನ್ನ ಹಿಂದೆ ಬಿದ್ದಿದ್ದೀರಿ ಅಂತ ನಾನು ಓಡ್ತಿದ್ದೆ" ಎಂದನಂತೆ.

ಬೇರೆಯವರಿಗೆ ಇದು ನಗುವ ಪುಸ್ತಕ. ಮನೋಹರನನ್ನು ಒಂದೇ ಒಂದು ಸಾಲು ಹಿಡಿದುಕೊಂಡಿತು. 'ಎಲ್ಲರೂ ಸಹಿ ಹಾಕಿದ ಸುಳ್ಳಿಗೆ ವಾಸ್ತವ ಎಂದು ಹೆಸರು.' ಕಂಪನಿ ಬಸ್ಸಿನಲ್ಲಿ ಅದನ್ನು ಓದಿದವನು ಪುಸ್ತಕ ಮುಚ್ಚಿ ಕಿಟಕಿಯಾಚೆ ನೋಡುತ್ತ ಕೂತ. ಇಳಿಯಬೇಕಾದ ಗೇಟು ಬಂದದ್ದೇ ತಿಳಿಯಲಿಲ್ಲ.

ಭಾನುವಾರದ ಸಭೆಯಲ್ಲಿ ಮೇಷ್ಟ್ರ ಸೊಸೆ ಸಿಂಧು ಡಬ್ಬಿ ಹಿಡಿದು ಕೂತಳು. ಸೋಫಾದ ತುದಿಯಲ್ಲಿ ಸುಹಾಸ ಇದ್ದ. ಬೆಳಗಾವಿಯ ಕಡೆಯವನು, ಮಿತಭಾಷಿ, ಎರಡು ತಿಂಗಳಿಂದ ಬರುತ್ತಿದ್ದ. ಯಾವುದೋ ಗಾಡಿ ಕಂಪನಿಯಲ್ಲಿ ಅಧಿಕಾರಿ ಎಂದಷ್ಟೇ ಮನೋಹರನಿಗೆ ಗೊತ್ತಿತ್ತು.

"ಮೊದಲನೇದು," ಎಂದು ಸಿಂಧು ಓದಿದಳು. "'ಮೊದಲರ್ಧ ಬರೀ ಹೊಗೆ, ಎರಡನೇ ಅರ್ಧದಲ್ಲಿ ಸ್ವಲ್ಪ ಬೆಂಕಿ ಇದೆ. ನಲವತ್ತು ಪುಟ ಕಿತ್ತುಹಾಕಿದ್ರೂ ಏನೂ ಹೋಗಲ್ಲ.'"

"ಇದು ಅಪ್ಪಟ ಮೇಷ್ಟ್ರ ಅಕ್ಷರ!" ಎಂದರು ಯಾರೋ.

"ರೂಲ್ಸ್ ಅಂದ್ರೆ ರೂಲ್ಸು, ಅಕ್ಷರ ಗುರುತು ಹಿಡೀಬಾರ್ದು," ಎಂದು ಮಹದೇವಪ್ಪ ಹುಸಿಕೋಪ ತೋರಿಸಿದರು.

ಎರಡನೆಯ ಹಾಳೆ ಬರೆದವರು ಲೇಖಕ ಹೇಳಿದ್ದೆಲ್ಲ ನಿಜ ಎಂದಿದ್ದರು. ಮನೆಯಲ್ಲಿ ಮಿಕ್ಸಿ ಕೆಟ್ಟಿತು ಎಂದು ಮಾತಾಡಿದರೆ ಫೋನಿನಲ್ಲಿ ಮಿಕ್ಸಿಯ ಜಾಹೀರಾತು ಬರುತ್ತದಂತೆ. ಎಲ್ಲರೂ ನಕ್ಕರು. ಮೂರನೆಯದನ್ನು ಓದುವಾಗ ನಗು ನಿಂತಿತು. 'ನನ್ನ ತಮ್ಮನಿಗೆ ಇದೇ ಕಾಯಿಲೆ. ಎಲ್ಲರೂ ತನ್ನ ಹಿಂದೆ ಬಿದ್ದಿದ್ದಾರೆ ಅಂತ ಊಟ ಬಿಡುತ್ತಾನೆ. ಕೊಡೆಯವನ ಕಥೆ ನನಗೆ ತಮಾಷೆ ಅನ್ನಿಸಲಿಲ್ಲ.' ಸಿಂಧು ಆ ಹಾಳೆಯನ್ನು ಮೆಲ್ಲನೆ ಪಕ್ಕಕ್ಕಿಟ್ಟು ನಾಲ್ಕನೆಯದನ್ನು ಬಿಚ್ಚಿದಳು.

"'ಈ ಪುಸ್ತಕ ಓದಿ ನನಗೆ ಹೆದರಿಕೆ ಆಯಿತು. ಲೇಖಕರು ಸಂಚು ಮಾಡುವವರನ್ನು ಎಲ್ಲೆಲ್ಲೋ ಹುಡುಕಿದರು. ನನಗೆ ಹುಡುಕುವ ಕೆಲಸ ಇಲ್ಲ, ನಾನೇ ಅವರಲ್ಲಿ ಒಬ್ಬ. ಗಾಡಿ ನಿಲ್ಲಿಸುವ ಒಂದು ಭಾಗದ ಅಳತೆ ತೆಗೆಯುವುದು ನನ್ನ ಕೆಲಸ. ಮೊದಲು ತೆಗೆಯುತ್ತಿದ್ದೆ. ಒಂದು ಮಶೀನಿಗೆ ಒಬ್ಬನಿದ್ದ ಕಡೆ ಮೂರಕ್ಕೆ ಒಬ್ಬನಾದ ಮೇಲೆ ಸಮಯ ಸಾಲಲಿಲ್ಲ. ಹನ್ನೊಂದು ತಿಂಗಳಿಂದ ಬೆಳಗಿನ ಚಹಾದ ಹೊತ್ತಿಗೇ ಇಡೀ ದಿನದ ಅಂಕಿ ಬರೆದಿಡುತ್ತೇನೆ. ನಿಜ ಅನ್ನಿಸಲಿ ಅಂತ ಒಂದು ಕಡೆ 20.01, ಒಂದು ಕಡೆ 20.02 ಹಾಕುತ್ತೇನೆ. ಮೇಲಿನವರು ಸಹಿ ಹಾಕುತ್ತಾರೆ. ಅದರ ಮೇಲೆ ಇನ್ನೂ ಮೇಲಿನವರು. ಲೇಖಕರು ಬರೆದದ್ದು ಖರೆ.'"

ಸಿಂಧು ಉಸಿರೆಳೆದುಕೊಂಡಳು. "ಅಬ್ಬಾ. ಇದು ಕಥೆನಾ, ನಿಜಾನಾ? ಉಳಿದ ಜಾಗಕ್ಕೆ ಅಡ್ಡಗೆರೆ ಬೇರೆ ಎಳೆದಿದ್ದಾರೆ. ಕೆಳಗೆ ಏನೋ ಕೋಡ್ ಇದೆ ನೋಡಿ. ತಾರೀಖು, ಆಮೇಲೆ ಎ ಅಡ್ಡಗೆರೆ 41."

ಮನೋಹರನ ಕಿವಿಯಲ್ಲಿ ಸಣ್ಣಗೆ ಶಿಳ್ಳೆ ಹೊಡೆದಂತಾಯಿತು. ಎ ಎಂದರೆ ಬೆಳಗಿನ ಪಾಳಿ. 41 ಅವನ ಇನ್‌ಸ್ಪೆಕ್ಟರ್ ನಂಬರು. ಹಾಳೆ ಮುಗಿದ ಕಡೆ ಖಾಲಿ ಜಾಗಕ್ಕೆ ಗೆರೆ ಎಳೆ, ತಾರೀಖು ಹಾಕು, ಪಾಳಿ ಬರೆ, ನಂಬರು ಬರೆ. ಕೆಲಸಕ್ಕೆ ಸೇರಿದ ಮೊದಲ ವಾರ ಬೈದು ಬೈದು ಕಲಿಸಿದ ಪಾಠ ಅದು. ಮೂರು ವರ್ಷದಲ್ಲಿ ಸಾವಿರಾರು ಹಾಳೆಗೆ ಹಾಕಿ ಹಾಕಿ ಅವನ ಕೈ ಹೆಸರಿಲ್ಲದ ಈ ಹಾಳೆಗೂ ಹಾಕಿಬಿಟ್ಟಿತ್ತು. ಅವನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

"ಎ-41 ಅಂದ್ರೆ ಲೇಖಕನ ರಹಸ್ಯ ಸಂಘದ ಮೆಂಬರ್‌ಶಿಪ್ ನಂಬರು ಇರ್ಬೇಕು," ಎಂದರು ಒಬ್ಬರು.

"ಫ್ಲಾಟ್ ನಂಬರ್ ಇರ್ಬಹುದು ಕಣ್ರೀ, ಇನ್ನು ಎ ವಿಂಗ್‌ನವ್ರನ್ನೆಲ್ಲ ಅನುಮಾನದಿಂದ ನೋಡ್ಬೇಕು," ಎಂದರು ಇನ್ನೊಬ್ಬರು. ಮತ್ತೆ ನಗು. ಮನೋಹರನೂ ತುಟಿ ಅಗಲಿಸಿದ.

ಸುಹಾಸ ನಗಲಿಲ್ಲ. "ಒಮ್ಮೆ ಕೊಡ್ರಿ ಇಲ್ಲಿ" ಎಂದು ಕೈ ಚಾಚಿ ಹಾಳೆ ತೆಗೆದುಕೊಂಡ. ಮೇಲಿಂದ ಕೆಳಗೆ ಓದಿದ. ಕೆಳಗಿನ ಗೆರೆಯ ಮೇಲೆ ಅವನ ಕಣ್ಣು ನಿಂತದ್ದನ್ನು ಮನೋಹರ ಕಂಡ. ಆಮೇಲೆ ಹಾಳೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ಡಬ್ಬಿಗೆ ಹಾಕಿ, ಚಹಾದ ಲೋಟ ಎತ್ತಿಕೊಂಡ.

ಮನೆಗೆ ಬಂದವನ ಮುಖ ನೋಡಿ ಹೆಂಡತಿ ಶೀತಲ, "ಏನಾಗ್ಯದ್ರಿ? ದೆವ್ವಾ ಕಂಡವರಂಗ ಮಾಡ್ಲಾಕತ್ತೀರಿ" ಎಂದಳು. ಅವನು ಎಲ್ಲ ಹೇಳಿದ. ಆಕೆ ಹಣೆ ಬಡಿದುಕೊಂಡಳು. "ಊರ ಮಂದಿ ಪುಸ್ತಕ ಓದಿ ಶಾಣ್ಯಾ ಆಗ್ತಾರ. ನೀವು ಓದಿ ನಿಮ್ಮ ನಂಬರ ಬರದು ಕೊಟ್ಟು ಬಂದೀರಿ! ಇನ್ನ ಮೂರು ವಾರ ಬಾಯಿ ಮುಚ್ಚಿಕೊಂಡು ಇದ್ದಿದ್ರ ಅತ್ತೀನ ಮನೀಗೆ ಕರಕೊಂಡು ಬರ್ತಿದ್ವಿ."

"ಸುಹಾಸ ಅವರಿಗೆ ಗೊತ್ತಾಗಿರಲಿಕ್ಕಿಲ್ಲ ಬಿಡು."

"ಗೊತ್ತಾಗಿಲ್ಲಂದ್ರ ಬಂದಾಗಿಂದ ಚಪ್ಪಲ್ ಯಾಕ ಬಿಚ್ಚಿಲ್ಲ?"

ಸೋಮವಾರ ಅವನು ಹೆದರಿಕೆಗೇ ಅಳೆಯತೊಡಗಿದ. ಯಾರಾದರೂ ಬಂದು ನೋಡಿದರೆ ಅಂಕಿ ಸರಿ ಇರಲಿ ಎಂಬುದಷ್ಟೇ ಆಗ ಅವನ ಲೆಕ್ಕ. ಊಟದ ಬಿಡುವನ್ನೂ ಬಿಟ್ಟು ಮೂರು ಮಶೀನುಗಳ ನಡುವೆ ಓಡಾಡಿದ. ಒಂದನೆಯದು ಸರಿ ಇತ್ತು. ಮೂರನೆಯದೂ ಸರಿ. ಎರಡನೆಯ ಮಶೀನಿನ ತುಂಡನ್ನು ಗೇಜಿಗೆ ಹಾಕಿದಾಗ ಮುಳ್ಳು ಗೆರೆ ದಾಟಿ ನಿಂತಿತು. 20.04. ಗೇಜೇ ಕೆಟ್ಟಿರಬೇಕೆಂದು ಬೇರೆ ಗೇಜು ತಂದ. ಅದೂ ಅದನ್ನೇ ಹೇಳಿತು. ಐದರಲ್ಲಿ ಎರಡು ತುಂಡು ಹಾಗಿದ್ದವು. ಇದು ಇವತ್ತು ಶುರುವಾದದ್ದೋ, ಹನ್ನೊಂದು ತಿಂಗಳಲ್ಲಿ ಎಂದೋ ಶುರುವಾದದ್ದೋ, ಹೇಳಬೇಕಾದವನು ಅವನೊಬ್ಬನೇ. ಅವನಿಗೇ ಗೊತ್ತಿರಲಿಲ್ಲ.

ಸೂಪರ್‌ವೈಸರ್ ವಿಕಾಸ ತುಂಡನ್ನು ತಿರುಗಿಸಿ ನೋಡಿದ. ಕೆಟ್ಟವನಲ್ಲ ಅವನು. ಮನೋಹರನ ಹೆಸರನ್ನು ಕಾಯಂ ಪಟ್ಟಿಗೆ ಕಳಿಸಿದವನೇ ಅವನು. "ಮಶೀನ್ ಮಸ್ತ್ ಆಹೆ ರೇ, ಲಿಹೂನ್ ಟಾಕ್," ಎಂದ. ಮಶೀನು ಚೆನ್ನಾಗಿಯೇ ಇದೆ, ಬರೆದು ಹಾಕು ಎಂದು. ತೂತು ಕೊರೆಯುವ ಟೂಲು ಶನಿವಾರ ಬದಲಿಸೋಣ ಎಂದೂ ಹೇಳಿದ. ಆಮೇಲೆ ದನಿ ಇಳಿಸಿ, ಗುರುವಾರ ನಮ್ಮ ತುಂಡು ಕೊಳ್ಳುವ ಗಾಡಿ ಕಂಪನಿಯಿಂದ ಆಡಿಟ್ ಇದೆ, ನಿನ್ನ ಕನ್ನಡದವನೇ ಬರುತ್ತಿದ್ದಾನೆ, ಸುಹಾಸ ಅಂತ ಯಾರೋ, ಎಂದು ಬೆನ್ನು ತಟ್ಟಿ ಹೋದ.

ಆ ಮೂರು ದಿನ ಮನೋಹರನ ಪಾಲಿಗೆ ಜಗತ್ತು ಹುಲಿಗೆಪ್ಪನ ಪುಸ್ತಕದಂತಾಯಿತು. ಗೇಟಿನ ಕಾವಲುಗಾರ ಬ್ಯಾಗು ತೆರೆಸಿದರೆ ಇವನಿಗೂ ಹೇಳಿದ್ದಾರೆ ಅನ್ನಿಸಿತು. ಕ್ಯಾಂಟೀನಿನಲ್ಲಿ ಇಬ್ಬರು ತಲೆ ಹತ್ತಿರ ತಂದು ಮಾತಾಡಿದರೆ ತನ್ನದೇ ಮಾತು ಅನ್ನಿಸಿತು. ಕಂಪನಿ ಬಸ್ಸಿನ ಹಿಂದೆ ಒಂದೇ ಬಿಳಿ ಕಾರು ಎರಡು ದಿನ ಕಂಡಿತು. ಅದು ಬಿಸ್ಕತ್ತಿನ ಅಂಗಡಿಯವನ ಕಾರು ಎಂದು ಮೂರನೆಯ ದಿನ ತಿಳಿದರೂ ಎದೆ ಹಗುರಾಗಲಿಲ್ಲ. ಹಾಳೆಯಲ್ಲಿ ಅವನು ವಿಕಾಸ ಹೇಳಿದ ಹಾಗೆ 20.02 ಎಂದೇ ಬರೆದ. ಬರೆಯುವಾಗ ಪೆನ್ನಿನ ಮೊನೆಗೆ ಎರಡು ಸಲ ಕಾಗದ ಹರಿಯಿತು.

ಗುರುವಾರ ಸುಹಾಸ ಬಂದ. ಕಣ್ಣಿಗೆ ಸುರಕ್ಷಾ ಕನ್ನಡಕ, ಕಂಕುಳಲ್ಲಿ ಫೈಲು. ಮನೋಹರನನ್ನು ಹಿಂದೆಂದೂ ಕಾಣದವನಂತೆ ನೋಡಿ ಮರಾಠಿಯಲ್ಲೇ ಮಾತಾಡಿಸಿದ. ಆ ಅಪರಿಚಿತತನವೇ ಮನೋಹರನಿಗೆ ಭಯಂಕರವಾಗಿ ಕಂಡಿತು. ಇಂಥ ದಿನಗಳಿಗೆಂದೇ ಆರಿಸಿದ ಐದು ಒಳ್ಳೆಯ ತುಂಡುಗಳನ್ನು ವಿಕಾಸ ಒಂದು ಟ್ರೇಯಲ್ಲಿ ಮೇಜಿನ ಮೇಲೆ ಇಟ್ಟಿದ್ದ. 'ಪಾಹುಣ್ಯಾಂಚೆ ಪೀಸ್' ಎಂದು ಅವಕ್ಕೆ ಹೆಸರು, ಅತಿಥಿಗಳ ತುಂಡುಗಳು.

"ಎರಡನೇ ಮಶೀನಿಂದು ಒಂದು ಅಳೆದು ತೋರಿಸಿ," ಎಂದ ಸುಹಾಸ.

ಮನೋಹರನ ಕೈ ಟ್ರೇಯ ಕಡೆ ಹೋಯಿತು. ಬೆರಳು ತುಂಡಿಗೆ ತಾಗಿತು ಕೂಡ. ಸುಹಾಸನಿಗೆ ಗೊತ್ತು, ಟ್ರೇಯಿಂದ ಎತ್ತಿದರೆ ಈಗಲೇ ಹಿಡಿಯುತ್ತಾನೆ, ಎಂಬ ಒಂದೇ ಯೋಚನೆ ತಲೆ ತುಂಬಿತು. ಕೈ ಹಿಂದೆ ಬಂತು. ಮಶೀನಿನ ಬಾಯಿಂದ ಆಗಷ್ಟೇ ಇಳಿದ, ಇನ್ನೂ ಬೆಚ್ಚಗಿದ್ದ ತುಂಡನ್ನು ಎತ್ತಿಕೊಂಡು ಒರೆಸಿ, ಆರಲು ಬಿಟ್ಟು, ಗೇಜಿಗೆ ಹಾಕಿದ. ಮುಳ್ಳು 20.05ಕ್ಕೆ ಹೋಯಿತು. ಅವನು ಅದನ್ನೇ ಬರೆದ. ಪಕ್ಕದಲ್ಲಿ ವಿಕಾಸನ ಉಸಿರು ಕೇಳುತ್ತಿತ್ತು.

"ಟೂಲ್ ಆಜಚ್ ಗೇಲಾ ಸರ್," ಎಂದ ವಿಕಾಸ ಕೂಡಲೇ. ಟೂಲು ಇವತ್ತೇ ಸವೆದಿದೆ ಎಂದು.

ಸುಹಾಸ ಮನೋಹರನ ಕಡೆ ತಿರುಗಿದ. "ಇವತ್ತೇ ಆದದ್ದೇ?"

ಕೇಳಿದ್ದು ಇಷ್ಟೇ. ಮನೋಹರನ ಕಣ್ಣ ಮುಂದೆ ಸಿಮೆಂಟಿನ ಚೀಲಗಳು ಬಂದವು, ತಾಯಿಯ ಮೊಣಕಾಲು ಬಂತು.

"ಹೌದು ಸರ್. ಇವತ್ತೇ."

ಸುಹಾಸ ಅವನನ್ನು ಒಂದು ಗಳಿಗೆ ಹಾಗೇ ನೋಡಿ, ಫೈಲಿನಲ್ಲಿ ಏನೋ ಬರೆದುಕೊಂಡ. ಆ ದಿನದ ತುಂಡುಗಳ ರಾಶಿಗೆ ಕೆಂಪು ಚೀಟಿ ಅಂಟಿಸಿ ತಡೆದರು. ಹಿಂದಿನ ತುಂಡುಗಳ ಬಗ್ಗೆ ಯಾರೂ ಕೇಳಲಿಲ್ಲ. ಅವು ಕಾರ್ಖಾನೆ ಬಿಟ್ಟು ಎಂದೋ ಗಾಡಿಗಳೊಳಗೆ ಕೂತಿದ್ದವು.

ತಿಂಗಳ ಕೊನೆಗೆ ನೋಟಿಸ್ ಬೋರ್ಡಿನಲ್ಲಿ ಮೂವರ ಹೆಸರು ಬಂತು. ಮನೋಹರನದನ್ನು ಆರು ತಿಂಗಳು ಮುಂದೆ ಹಾಕಿದ್ದರು. ವಿಕಾಸ ಅವನ ಕಡೆ ನೋಡುವುದನ್ನೇ ಬಿಟ್ಟಿದ್ದ.

ಭಾನುವಾರ ಅವನು ಕೊಂಢವಾಕ್ಕೆ ಹೋದ. ಸ್ಲ್ಯಾಬಿನ ಕೆಲಸ ಇದ್ದುದರಿಂದ ಸಕ್ಕುಬಾಯಿಗೆ ರಜೆ ಇರಲಿಲ್ಲ. ಮೂರನೆಯ ಅಂತಸ್ತಿನಲ್ಲಿ ಇನ್ನೂ ಗೋಡೆ ಏಳದ ಅಂಚಿನ ಹತ್ತಿರ ಬುಟ್ಟಿ ಬೋರಲು ಹಾಕಿ ಕೂತಿದ್ದಳು. ಇವನನ್ನು ನೋಡಿದ್ದೇ, "ಆತೇನೋ ಮನ್ಯಾ?" ಎಂದಳು.

"ಇಲ್ಲ ಯವ್ವಾ. ಆರು ತಿಂಗಳು ಮುಂದ ಹಾಕ್ಯಾರ."

"ಯಾಕ? ಏನು ಮಾಡಿದಿ?"

ಅವನು ಪಕ್ಕದಲ್ಲಿ ಕೂತು ಹೇಳಿದ. ಪುಸ್ತಕದ ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಹೇಳಿದ. ಅಳೆಯದೆ ಬರೆದದ್ದು, ಅಳೆದದ್ದು, ಕೊನೆಗೆ ಇವತ್ತೇ ಆದದ್ದು ಎಂದದ್ದು. ಸಕ್ಕುಬಾಯಿ ಮೊಣಕಾಲು ಉಜ್ಜಿಕೊಳ್ಳುತ್ತ ಕೇಳಿದಳು.

"ಹನ್ನೊಂದು ತಿಂಗಳು ಸುಳ್ಳ ಬರದಿ. ಒಂದಿನಾ ಖರೇ ಬರದಿ. ಮತ್ತ ಅದರ ಮ್ಯಾಲ ಇನ್ನೊಂದು ಸುಳ್ಳ ಹೇಳಿದಿ," ಎಂದಳು. "ನೀ ಏನು ಸಾಲಿ ಕಲ್ತಿ ಮನ್ಯಾ?"

"ಹೆದರಿಕಿ ಆತು ಯವ್ವಾ."

"ಯಾರಿಗೆ ಹೆದರಿದಿ?"

ಅವನು ಅಂಚಿನಾಚೆ ರಸ್ತೆಯ ಕಡೆ ನೋಡಿದ. ಕೆಳಗೆ ಸಿಗ್ನಲ್ ಕೆಂಪಾಗಿತ್ತು. ಇಳಿಜಾರಿನಿಂದ ಬೈಕುಗಳು ಒಂದರ ಹಿಂದೊಂದು ಬರುತ್ತಿದ್ದವು. ಹಿಂದೆ ಹೆಂಡತಿಯನ್ನು, ಮುಂದೆ ಮಗುವನ್ನು ಕೂರಿಸಿಕೊಂಡ ಒಬ್ಬ ವೇಗವಾಗಿ ಬಂದ. ಮನೋಹರನ ಕೈ ತನಗೆ ತಾನೇ ಮುಷ್ಟಿಯಾಯಿತು. ಗಾಡಿ ಗೆರೆಯ ಹತ್ತಿರ ನಿಂತಿತು. ಅವನು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂತು. ಅದೂ ನಿಂತಿತು. ಮತ್ತೊಂದು. ಯಾವುದರೊಳಗೆ ತನ್ನ ತುಂಡು ಇದೆ ಎಂದು ಮೇಲಿಂದ ತಿಳಿಯುವ ಹಾಗಿರಲಿಲ್ಲ. ಮುಂದಿನ ಆರು ತಿಂಗಳೂ, ಕಾಯಂ ಆದ ಮೇಲಿನ ಎಲ್ಲ ವರ್ಷಗಳೂ ತಾನು ಹೀಗೇ ಪ್ರತಿ ಸಿಗ್ನಲಿನಲ್ಲಿ ನಿಂತು ನೋಡುತ್ತಿರಬೇಕಾಗುತ್ತದೆ ಎಂದು ಅವನಿಗೆ ಹೊಳೆದಾಗ, ಕೆಲಸ ಹೋಗುವ ಭಯ ಅದರ ಮುಂದೆ ಸಣ್ಣದಾಗಿ ಕಂಡಿತು.

ಅವನು ಫೋನು ತೆಗೆದು ಓದಿನ ಗುಂಪಿನಲ್ಲಿ ನಂಬರು ಹುಡುಕಿದ.

"ಯಾರಿಗೆ ಹಚ್ಚಲಾಕತ್ತಿ?" ಎಂದಳು ಸಕ್ಕುಬಾಯಿ.

"ಆ ಸಾಹೇಬರಿಗೆ. ಇರೋ ಕೆಲಸಾನೂ ಹೋಗಬಹುದು ಯವ್ವಾ."

ಆಕೆ ನೆಲಕ್ಕೆ ಕೈ ಊರಿ ಎದ್ದು, ಬುಟ್ಟಿಯನ್ನು ಮೇಲ್ಮುಖ ಮಾಡಿದಳು. "ಗಟ್ಟಿಯಾಗಿ ಮಾತಾಡು. ಇಲ್ಲಿ ಮಶೀನಿನ ಸಪ್ಪಳದಾಗ ಕೇಳಂಗಿಲ್ಲ."

ಆ ಕಡೆ ಫೋನು ನಾಲ್ಕು ಸಲ ರಿಂಗಾಯಿತು.

"ಹೇಳ್ರಿ ಮನೋಹರ," ಎಂದಿತು ಸುಹಾಸನ ದನಿ, ಈಗ ಕನ್ನಡದಲ್ಲಿ. "ಆ ಮನೀ ಒಳಗ ಓದಿದ್ದನ್ನ ನಾ ಹೊರಗ ತರಂಗಿಲ್ಲ. ನೀವಾಗೇ ಹೇಳ್ತೀರೇನು ಅಂತ ಕಾಯಾಕತ್ತಿದ್ದೆ."

ಕೆಳಗೆ ಸಿಗ್ನಲ್ ಹಸಿರಾಗಿ ಗಾಡಿಗಳೆಲ್ಲ ಒಮ್ಮೆಗೇ ಹೊರಟವು.

"ಸರ್," ಎಂದ ಅವನು, "ಎರಡನೇ ಮಶೀನಿಂದು ಆವತ್ತೇ ಆದದ್ದಲ್ರಿ. ಹನ್ನೊಂದು ತಿಂಗಳಿಂದ ನಾ ಅಳತೀನ ತಗದಿಲ್ಲ. ಎಲ್ಲಾ ಹಾಳಿ ನಾ ಸುಳ್ಳ ಬರದಿದ್ದು. ಆ ತುಂಡು ಹೋದ ಗಾಡಿ ಎಲ್ಲಾ ವಾಪಸ್ ಕರಸಬೇಕ್ರಿ."